ಬಿಳಿ ಗಿಡುಗ ಕಂಡರೆ ಮೊದಲು ಬಾಲ ನೋಡಿ

ಜನವರಿಯ ಒಂದು ಬೆಳಗ್ಗೆ ಪಾಂಡವಪುರದ ಕಡೆಯಿಂದ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ಗದ್ದೆಗೆ ನೀರು ಕಟ್ಟಲು ಹೋಗಿದ್ದವನು. ಮಾತಾಡುವಾಗ ಏದುಸಿರು ಬಿಡುತ್ತಿದ್ದ. "ಅಣ್ಣ, ಬಿಳೀ ಗಿಡ್ಗ ಕಣಣ್ಣ! ಕಣ್ಣೆಲ್ಲ ಕೆಂಪಗೈತೆ. ಆಲ್ಬಿನೋ ಅಂತಾರಲ್ಲ, ಅದೇ ಇರ್ಬೇಕು!"

ಎರಡು ನಿಮಿಷಕ್ಕೆ ಫೋಟೊ ಬಂತು. ಕರೆಂಟ್ ತಂತಿಯ ಮೇಲೆ ಕೂತ ಪುಟ್ಟ ಹಕ್ಕಿ. ಮುಖ, ಎದೆ ಹಾಲಿನಷ್ಟು ಬಿಳಿ. ಬೆನ್ನು ತಿಳಿ ಬೂದಿ. ಭುಜದ ಮೇಲೆ ಇದ್ದಿಲಿನಲ್ಲಿ ತೀಡಿದ ಹಾಗೆ ಒಂದು ಕಪ್ಪು ಪಟ್ಟೆ. ಕಣ್ಣು ನಿಜಕ್ಕೂ ಕೆಂಪು, ಕುಂಕುಮದ ಹಾಗೆ. ಅದು ಬ್ಲ್ಯಾಕ್ ವಿಂಗ್ಡ್ ಕೈಟ್. ಕರಿರೆಕ್ಕೆಯ ಹದ್ದು ಅನ್ನೋಣ. ಆ ಜಾತಿಯ ಹುಟ್ಟುಬಣ್ಣವೇ ಅದು, ಮೈಯಲ್ಲಿ ಬಣ್ಣವೇ ತಯಾರಾಗದ ಆಲ್ಬಿನೋ ಅಲ್ಲ. ನಮ್ಮ ಬಯಲುಗಳ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಾಲು ಇಳಿಬಿಟ್ಟು, ಇಲಿಯ ಮೇಲೆ ಬೀಳುವ ಹಕ್ಕಿ.

ಹುಡುಗ ಸ್ವಲ್ಪ ಸಪ್ಪಗಾದ. ಆದರೆ ಆಮೇಲೆ ಅವನು ಕೇಳಿದ ಪ್ರಶ್ನೆ ತುಂಬ ಚೆನ್ನಾಗಿತ್ತು. "ಹಂಗಾದ್ರೆ ನಿಜವಾದದ್ದು ಕಂಡ್ರೆ ಗೊತ್ತಾಗೋದು ಹೆಂಗಣ್ಣ?" ಅವತ್ತು ಫೋನಿನಲ್ಲಿ ಅರ್ಧ ಹೇಳಿದ ಉತ್ತರವನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲ ಮಾತು ಇಷ್ಟೇ: ಬಣ್ಣವನ್ನು ಕೊನೆಗೆ ನೋಡಿ. ಗಿಡುಗದ ಬಣ್ಣ ಏರುಪೇರಾಗಿದೆ ಅನ್ನಿಸಿದ ಕೂಡಲೇ ನಮ್ಮ ಕಣ್ಣು ಬಣ್ಣಕ್ಕೇ ಅಂಟಿಕೊಳ್ಳುತ್ತದೆ. ಬಣ್ಣದ ಮೇಲೆಯೇ ಅನುಮಾನ ಇರುವಾಗ ಅದನ್ನೇ ಸಾಕ್ಷಿ ಕೇಳಿದರೆ ಏನು ಪ್ರಯೋಜನ? ಆಕಾರ ಹಾಗಲ್ಲ. ಹಕ್ಕಿ ಸುಣ್ಣದಂತೆ ಬೆಳ್ಳಗಾಗಲಿ, ಮಸಿಯಂತೆ ಕಪ್ಪಾಗಲಿ, ಅದರ ಬಾಲ, ರೆಕ್ಕೆ, ತಲೆಯ ಅಳತೆ, ಹಾರುವ ರೀತಿ ಬದಲಾಗುವುದಿಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಯ ಮೇಲೆ ದಿನಾ ಸುತ್ತುವ ಮಾಮೂಲಿ ಕಂದು ಹದ್ದನ್ನೇ ತೆಗೆದುಕೊಳ್ಳಿ. ಅದರ ಬಾಲ ಕವಲೊಡೆದಿರುತ್ತದೆ. ತಿರುಗುವಾಗ ಆ ಬಾಲವನ್ನು ದೋಣಿಯ ಹುಟ್ಟಿನ ಹಾಗೆ ಅತ್ತಿತ್ತ ತಿರುಚುತ್ತದೆ. ಗರುಡನ ಬಾಲದ ತುದಿ ದುಂಡಗೆ. ಶಿಕ್ರಾ ಅನ್ನುವ ಪುಟ್ಟ ಗಿಡುಗಕ್ಕೆ ಗಿಡ್ಡ ರೆಕ್ಕೆ, ಉದ್ದ ಬಾಲ. ನಾಲ್ಕು ಸಲ ಪಟಪಟ ಬಡಿದು, ಸ್ವಲ್ಪ ತೇಲಿ, ಮತ್ತೆ ಬಡಿಯುತ್ತದೆ. ಜೇನುಗಿಡುಗಕ್ಕೆ ಪಾರಿವಾಳದ್ದು ಅನ್ನಿಸುವಂಥ ಸಣ್ಣ ತಲೆ, ಮುಂದಕ್ಕೆ ಚಾಚಿದ ಕತ್ತು. ಇಷ್ಟು ಮನಸ್ಸಿನಲ್ಲಿದ್ದರೆ, ಆಕಾಶದಲ್ಲಿ ಬಿಳಿ ಹಕ್ಕಿಯೊಂದು ಕವಲು ಬಾಲ ತಿರುಚುತ್ತಾ ಸುತ್ತಿದರೆ ಅದು ಹದ್ದೇ ಎಂದು ಧೈರ್ಯವಾಗಿ ಹೇಳಬಹುದು. ಯಾವ ಹಕ್ಕಿ ಎಂದು ಗೊತ್ತಾದ ಮೇಲೆಯೇ ಅದರ ಬಣ್ಣ ಸರಿಯೋ ತಪ್ಪೋ ಎಂಬ ಮಾತು.

ಹುಟ್ಟುಬಣ್ಣವೇ ಹಲವು ಥರ

ಇಲ್ಲಿಯೇ ಜಾಸ್ತಿ ಜನ ಎಡವುವುದು. ಒಂದು ಜಾತಿಗೆ ಒಂದೇ ಬಣ್ಣ ಎಂದುಕೊಂಡಿರುತ್ತೇವೆ. ಗಿಡುಗಗಳಲ್ಲಿ ವಯಸ್ಸಿಗೊಂದು ಉಡುಪು, ಕೆಲವದರಲ್ಲಿ ಗಂಡಿಗೊಂದು ಹೆಣ್ಣಿಗೊಂದು ಉಡುಪು.

ಗರುಡನನ್ನು ನೋಡಿ. ಬೆಳೆದ ಗರುಡನ ತಲೆ, ಎದೆ ಬಿಳಿ. ಉಳಿದ ಮೈ ಇಟ್ಟಿಗೆ ಕೆಂಪು. ರೆಕ್ಕೆಯ ತುದಿ ಕಪ್ಪು. ಮರಿ ಗೂಡು ಬಿಟ್ಟಾಗ ಇದರಲ್ಲಿ ಒಂದೂ ಇರುವುದಿಲ್ಲ. ಮೈಯೆಲ್ಲ ಕಂದು, ಅಲ್ಲಲ್ಲಿ ತಿಳಿ ಗೀರು. ಹದ್ದಿನ ಜೊತೆ ಕೂತರೆ ಬೇರೆ ಮಾಡುವುದೇ ಕಷ್ಟ. ಆಮೇಲೆ ಗರಿ ಉದುರಿ ಹೊಸದು ಬರುತ್ತಾ ಬರುತ್ತಾ ತಲೆ ಬೆಳ್ಳಗಾಗುತ್ತದೆ, ಮೈ ಕೆಂಪಗಾಗುತ್ತದೆ. ಆ ನಡುವಿನ ಕಾಲದಲ್ಲಿ ಹಕ್ಕಿ ತೇಪೆ ಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ. "ವಿಚಿತ್ರ ಬಣ್ಣದ ಹದ್ದು" ಎಂದು ನನಗೆ ಬರುವ ಫೋಟೊಗಳಲ್ಲಿ ಇಂಥ ಎಳೆ ಗರುಡಗಳು ತುಂಬ. ವೈರಮುಡಿಯನ್ನು ಗರುಡನೇ ತಂದನೆಂದು ನಂಬುವ ಮೇಲುಕೋಟೆಯಲ್ಲಿ ಬಿಳಿ ಎದೆಯ ಗರುಡ ಕಂಡರೆ ಜನ ನಿಂತು ಕೈ ಮುಗಿಯುತ್ತಾರೆ. ಪಕ್ಕದಲ್ಲೇ ಹಾರುವ ಕಂದು ಮರಿಯನ್ನು ಯಾರೂ ಗಮನಿಸುವುದಿಲ್ಲ. ಅದರ ಬಾಲ ನೋಡಿ ಅಂತ ಹೇಳಬೇಕೆನ್ನಿಸುತ್ತದೆ ನನಗೆ. ದುಂಡಗಿದೆ, ಅಲ್ವಾ? ಅದೂ ಗರುಡನೇ.

ಶಿಕ್ರಾ ಮರಿಯೂ ಹಾಗೇ. ಬೆಳೆದ ಗಂಡಿನ ಬೆನ್ನು ಬೂದಿ, ಕಣ್ಣು ಕೆಂಪು. ಮರಿಯ ಬೆನ್ನು ಕಂದು, ಎದೆಯ ಮೇಲೆ ಉದ್ದುದ್ದ ಕಂದು ಗೀರು, ಗಂಟಲ ನಡುವೆ ಒಂದು ಗೆರೆ. ಇನ್ನು ಚಳಿಗಾಲದಲ್ಲಿ ಹೊಲದ ಮೇಲೆ ತಗ್ಗಾಗಿ ತೇಲುತ್ತಾ ಬರುವ ಪ್ಯಾಲಿಡ್ ಹ್ಯಾರಿಯರ್ ಗಂಡಿನ ಅಡಿಭಾಗ ಬಿಳಿಯೇ. ರೆಕ್ಕೆಯ ತುದಿಯಲ್ಲಿ ಮಾತ್ರ ಸಣ್ಣ ಕಪ್ಪು ಬೆಣೆ. ಅದರ ಹೆಣ್ಣು ಕಂದು. ಎರಡನ್ನೂ ಒಟ್ಟಿಗೆ ನೋಡಿದವರು ಒಂದೇ ಜಾತಿ ಎಂದು ನಂಬುವುದೇ ಇಲ್ಲ.

ವಯಸ್ಸು, ಗಂಡು, ಹೆಣ್ಣು ಆಯಿತು. ಇದಲ್ಲದೆ ಇನ್ನೊಂದು ಇದೆ. ಅದಕ್ಕೆ ಮಾರ್ಫ್ ಎನ್ನುತ್ತಾರೆ. ಒಂದೇ ಜಾತಿಯೊಳಗೆ ಎರಡು ಮೂರು ಬಣ್ಣದ ಮಾದರಿಗಳು. ಯಾವ ಮಾದರಿ ಎನ್ನುವುದು ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಇದು ದೋಷ ಅಲ್ಲ, ಕಾಯಿಲೆಯೂ ಅಲ್ಲ.

ನಮ್ಮ ಕಡೆ ಇದನ್ನು ಕಲಿಯಲು ಬೂಟೆಡ್ ಈಗಲ್‌ಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಕಾಲ್ಬೆರಳಿನ ತನಕ ಗರಿ ಇರುವುದರಿಂದ ಆ ಹೆಸರು. ಚಳಿಗಾಲದ ಅತಿಥಿ. ಗಾತ್ರ ಹೆಚ್ಚು ಕಡಿಮೆ ಹದ್ದಿನಷ್ಟೇ. ಎಷ್ಟೋ ಸಲ ಹದ್ದುಗಳ ಗುಂಪಿನಲ್ಲೇ ಸುತ್ತುತ್ತಿರುತ್ತದೆ. ತಿಳಿ ಮಾದರಿಯ ಹಕ್ಕಿಗೆ ಹೊಟ್ಟೆ ಮತ್ತು ರೆಕ್ಕೆಯ ಒಳಗಿನ ಮುಂಭಾಗ ಬಿಳಿ, ಹಿಂಭಾಗದ ಗರಿಗಳು ಕಪ್ಪು. ಕಡು ಮಾದರಿ ಪೂರ್ತಿ ಚಾಕೊಲೇಟ್ ಕಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮ ಅನ್ನಿಸುವುದಿಲ್ಲ. ಆದರೆ ಹಕ್ಕಿ ಎದುರಿನಿಂದ ನಿಮ್ಮ ಕಡೆ ಬರಲಿ. ಕತ್ತು ರೆಕ್ಕೆಗೆ ಸೇರುವ ಎರಡೂ ಬದಿಯಲ್ಲಿ ಒಂದೊಂದು ಬಿಳಿ ಚುಕ್ಕೆ ಹೊಳೆಯುತ್ತದೆ. ದೂರದಿಂದ ಬರುವ ಬಸ್ಸಿನ ಎರಡು ದೀಪಗಳ ಹಾಗೆ. ತಿಳಿ ಹಕ್ಕಿಗೂ ಅವೇ ಚುಕ್ಕೆ, ಕಡು ಹಕ್ಕಿಗೂ ಅವೇ ಚುಕ್ಕೆ. ಚಾಮುಂಡಿ ಬೆಟ್ಟದ ಮೆಟ್ಟಿಲಿನಲ್ಲಿ ಕೂತು, ಕಣ್ಣಿನ ಮಟ್ಟದಲ್ಲೇ ಬಂದ ಕಡು ಹಕ್ಕಿಯ ಆ ಎರಡು ಚುಕ್ಕೆ ಕಂಡ ದಿನ ನನಗೆ ಮಾರ್ಫ್ ಅನ್ನುವುದು ಅರ್ಥವಾಯಿತು. ಪುಸ್ತಕ ಎಷ್ಟು ಸಲ ಓದಿದ್ದರೂ ಆಗಿರಲಿಲ್ಲ.

ಜೇನುಗಿಡುಗವಂತೂ ಎಲ್ಲಕ್ಕಿಂತ ಕಷ್ಟದ ಹಕ್ಕಿ. ಹೊಟ್ಟೆ ಬಹುಪಾಲು ಬಿಳಿ ಇರುವುದರಿಂದ ಹಿಡಿದು ಗಾಢ ಕಂದಿನ ತನಕ ಏನು ಬೇಕಾದರೂ ಇರಬಹುದು. ಅದನ್ನು ಬಣ್ಣದಿಂದ ಗುರುತಿಸಲು ಹೊರಟರೆ ಮುಗಿಯಿತು. ತಲೆ, ಕತ್ತು, ಬಾಲದ ಪಟ್ಟೆ ನೋಡಿ.

ಹೊರಗಿನ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಆಸ್ಟ್ರೇಲಿಯಾದಲ್ಲಿ ಗ್ರೇ ಗಾಸ್‌ಹಾಕ್ ಎಂಬ ಗಿಡುಗ ಇದೆ. ಅದರ ಒಂದು ಮಾರ್ಫ್ ಒಂದು ಚುಕ್ಕೆಯೂ ಇಲ್ಲದ ಅಚ್ಚ ಬಿಳಿ. ಟ್ಯಾಸ್ಮೇನಿಯಾ ದ್ವೀಪದಲ್ಲಿ ಆ ಬಿಳಿ ಮಾರ್ಫ್ ಮಾತ್ರ ಇರುವುದು. ಅಲ್ಲಿನವರಿಗೆ ಬಿಳಿ ಗಿಡುಗವೇ ಮಾಮೂಲಿ.

ಬಿಸಿಲು, ಬೂದಿ, ಕ್ಯಾಮೆರಾ

ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಒಮ್ಮೆ ಹದ್ದಿನ ಗರಿ ಬಿದ್ದಿತ್ತು. ಬೇಸಿಗೆಯ ಕೊನೆ. ಎತ್ತಿ ಬೆಳಕಿಗೆ ಹಿಡಿದೆ. ರೆಕ್ಕೆಯಲ್ಲಿ ಗರಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಪಕ್ಕದ ಗರಿಯ ಅಡಿ ಮುಚ್ಚಿಕೊಂಡಿದ್ದ ಭಾಗ ಇನ್ನೂ ಗಾಢ ಕಂದು. ಬಿಸಿಲಿಗೆ ತೆರೆದುಕೊಂಡಿದ್ದ ಭಾಗ ಮಾತ್ರ ಹಾಲು ಜಾಸ್ತಿಯಾದ ಟೀ ಬಣ್ಣ. ಎರಡರ ನಡುವೆ ಸ್ಕೇಲ್ ಇಟ್ಟು ಎಳೆದಂಥ ಗೆರೆ. ತುದಿ ಸವೆದು ಹಳೇ ಪೊರಕೆಯ ಹಾಗೆ ಸೀಳಿತ್ತು. ಒಂದೇ ಗರಿ, ಒಂದೇ ಹಕ್ಕಿ, ಎರಡು ಬಣ್ಣ. ನೋಡಿ ಅಲ್ಲೇ ಇಟ್ಟು ಬಂದೆ.

ಬಿಸಿಲಿಗೆ ಗರಿಯ ಬಣ್ಣ ಮಾಸುತ್ತದೆ. ಹಳೇ ಗರಿಗಳ ನಡುವೆ ನಾಲ್ಕು ಹೊಸ ಗರಿ ಬಂದಾಗ ಹಕ್ಕಿ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಅದು ವರ್ಷದ ಮಾಮೂಲಿ ಗರಿ ಬದಲಾವಣೆ. ಮಾಸಿದ ಬಣ್ಣಕ್ಕೂ ನಿಜವಾದ ಬಿಳಿಗೂ ಇರುವ ವ್ಯತ್ಯಾಸ ಗಡಿಯಲ್ಲಿದೆ. ಮಾಸಿದ್ದು ತುದಿ ಮತ್ತು ಅಂಚಿನಲ್ಲಿ ಜಾಸ್ತಿ, ಬುಡದಲ್ಲಿ ಕಮ್ಮಿ. ಬಣ್ಣವೇ ಬರದ ಗರಿ ಬುಡದಿಂದ ತುದಿಯ ತನಕ ಬಿಳಿ.

ಕೊಳೆಯನ್ನೂ ಮರೆಯಬೇಡಿ. ಮಂಡ್ಯದ ಕಡೆ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಾರಲ್ಲ, ಹುಳುಹುಪ್ಪಟೆ ಹಿಡಿಯಲು ಹದ್ದುಗಳು ಆ ಹೊಗೆಯ ಸುತ್ತಲೇ ಸುತ್ತುತ್ತವೆ. ಮಸಿ, ಬೂದಿ, ಕೆಸರು ಎಲ್ಲವೂ ಮೈಗೆ ಅಂಟಬಹುದು. ಒಂದು ವಾರ ಬಿಟ್ಟು ಮತ್ತೆ ನೋಡಿ.

ಕ್ಯಾಮೆರಾ ಮಾಡುವ ಮೋಸವೂ ಇದೆ. ಹಕ್ಕಿಯ ಹಿಂದೆ ಆಕಾಶ ಬೆಳ್ಳಗಿದ್ದರೆ ಹಕ್ಕಿ ಕಪ್ಪಾಗಿ ಬರುತ್ತದೆ. ಅದನ್ನು ಮೊಬೈಲಿನಲ್ಲಿ ಎಳೆದು ಬೆಳಕು ಜಾಸ್ತಿ ಮಾಡಿದರೆ ತಿಳಿ ಕಂದು ಎಲ್ಲ ಬಿಳಿಯಾಗುತ್ತದೆ. ಕೆಆರ್‌ಎಸ್ ಹಿನ್ನೀರಿನ ಮೇಲೆ ಮಧ್ಯಾಹ್ನ ಹಾರುವ ಹಕ್ಕಿಯ ಹೊಟ್ಟೆಗೆ ಕೆಳಗಿನ ನೀರಿನಿಂದ ಬೆಳಕು ಹೊಡೆದು, ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಒಂದೇ ಫೋಟೊ ನೋಡಿ ತೀರ್ಮಾನ ಮಾಡಬೇಡಿ. ಪಕ್ಕದಲ್ಲಿ ಹಾರುವ ಇನ್ನೊಂದು ಹದ್ದು ಅದೇ ಫೋಟೊದಲ್ಲಿ ಇದ್ದರೆ ಚಿನ್ನದಂಥ ಸಾಕ್ಷಿ. ಅದರ ಬಣ್ಣ ಸರಿಯಾಗಿ ಬಂದಿದ್ದರೆ ಇದರ ಬಣ್ಣವನ್ನೂ ನಂಬಬಹುದು.

ಹಾಗಾದರೆ ನಿಜವಾದ ಏರುಪೇರು ಯಾವುದು?

ಗಿಡುಗದ ಗರಿಯ ಕಪ್ಪು, ಬೂದಿ, ಕಂದು, ಕೆಂಗಂದು, ಎಲ್ಲಕ್ಕೂ ಮೂಲ ಮೆಲನಿನ್ ಎಂಬ ಬಣ್ಣದ ವಸ್ತು. ಇದರಲ್ಲಿ ಎರಡು ಬಗೆ. ಯೂಮೆಲನಿನ್ ಕಪ್ಪು, ಬೂದಿ, ಗಾಢ ಕಂದು ಕೊಡುತ್ತದೆ. ಫಿಯೋಮೆಲನಿನ್ ಕೆಂಗಂದು ಮತ್ತು ತಿಳಿ ಹಳದಿ ಕಂದು ಕೊಡುತ್ತದೆ. ಕಾಲಿನ ಹಳದಿ, ಕೊಕ್ಕಿನ ಬುಡದ ಹಳದಿ ಬೇರೆ ಲೆಕ್ಕ. ಅದು ಕೆರೊಟಿನಾಯ್ಡ್, ತಿನ್ನುವ ಆಹಾರದಿಂದ ಬರುವಂಥದ್ದು. ಆದ್ದರಿಂದ ಮೆಲನಿನ್ ಪೂರ್ತಿ ಕೈಕೊಟ್ಟರೂ ಹಕ್ಕಿಯ ಕಾಲು ಹಳದಿಯಾಗಿಯೇ ಇರಬಹುದು. "ಕಾಲು ಹಳದಿ ಇದೆ, ಆಲ್ಬಿನೋ ಅಲ್ಲ" ಎಂಬ ವಾದ ನಿಲ್ಲುವುದಿಲ್ಲ.

ಮುಂದಿನದು ಅರ್ಥವಾಗಲು ಮನೆಗೆ ಬಣ್ಣ ಹೊಡೆಸುವುದನ್ನು ನೆನೆಸಿಕೊಳ್ಳಿ.

ಬಣ್ಣವೇ ತಯಾರಾಗಲಿಲ್ಲ ಅನ್ನಿ. ಇಡೀ ಮನೆ ಬಿಳಿ. ಇದು ಆಲ್ಬಿನಿಸಂ. ಮೆಲನಿನ್ ಮಾಡಲು ಬೇಕಾದ ಟೈರೊಸಿನೇಸ್ ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ಗರಿಯಲ್ಲಿ, ಚರ್ಮದಲ್ಲಿ, ಉಗುರಿನಲ್ಲಿ, ಕಣ್ಣಿನಲ್ಲಿ, ಎಲ್ಲೂ ಮೆಲನಿನ್ ಇಲ್ಲ. ಹಾಗಾಗಿ ಅರ್ಧ ಆಲ್ಬಿನೋ, ಕಾಲು ಆಲ್ಬಿನೋ ಎಂಬುದು ಇಲ್ಲವೇ ಇಲ್ಲ. ಎರಡು ಕಪ್ಪು ಗರಿ ಇದ್ದರೂ ಅದು ಆಲ್ಬಿನೋ ಅಲ್ಲ.

ಕಣ್ಣಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಾಂಡವಪುರದ ಹುಡುಗ ತಪ್ಪಿದ್ದು ಇಲ್ಲೇ. ಕೆಂಪು ಕಣ್ಣು ಎಂದರೆ ಯಾವ ಭಾಗ ಕೆಂಪು? ಕರಿರೆಕ್ಕೆಯ ಹದ್ದಿಗೆ, ಗಂಡು ಶಿಕ್ರಾಗೆ ಕಣ್ಣಿನ ಸುತ್ತಿನ ಬಳೆ ಕೆಂಪು. ನಡುವಿನ ಪಾಪೆ ಕಪ್ಪೇ. ಅದು ಸಹಜ. ಆಲ್ಬಿನೋ ಹಕ್ಕಿಯಲ್ಲಿ ಪಾಪೆಯೇ ಕೆಂಪು ಅಥವಾ ಗುಲಾಬಿ. ಕಣ್ಣಿನೊಳಗೆ ಮೆಲನಿನ್ ಪರದೆ ಇಲ್ಲದ್ದರಿಂದ ಒಳಗಿನ ರಕ್ತದ ಬಣ್ಣ ಹೊರಗೆ ಕಾಣುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೊ ಮಾತ್ರ ನಂಬಬೇಡಿ. ಅದರಲ್ಲಿ ನಮ್ಮ ಪಾಪೆಯೂ ಕೆಂಪಾಗುತ್ತದೆ.

ಆ ಪರದೆ ಇಲ್ಲದಿದ್ದರೆ ಬೆಳಕು ಕಣ್ಣು ಕುಕ್ಕುತ್ತದೆ, ದೃಷ್ಟಿ ಮಂಜು. ನೂರಾರು ಅಡಿ ಮೇಲಿಂದ ಇಲಿ ನೋಡಬೇಕಾದ ಹಕ್ಕಿಗೆ ಇದು ಸಾವಿನ ಮಾತು. ಆಲ್ಬಿನೋ ಮರಿಗಳು ಗೂಡು ಬಿಟ್ಟ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಆದ್ದರಿಂದ ಬೆಳೆದ ಬಿಳಿ ಗಿಡುಗವೊಂದು ತಾನೇ ಬೇಟೆಯಾಡಿಕೊಂಡು ಓಡಾಡುತ್ತಿದ್ದರೆ ಅದು ಆಲ್ಬಿನೋ ಆಗಿರುವ ಸಾಧ್ಯತೆ ತೀರಾ ಕಮ್ಮಿ.

ಈಗ ಇನ್ನೊಂದು ಮನೆ. ಬಣ್ಣ ತಯಾರಾಗಿದೆ, ಆದರೆ ಪೇಂಟರ್‌ಗಳು ಕೆಲವು ಕೋಣೆಗೆ ಹೋಗಲೇ ಇಲ್ಲ. ಇದು ಲ್ಯೂಸಿಸಂ. ಮೊಟ್ಟೆಯೊಳಗೆ ಮರಿ ಬೆಳೆಯುವಾಗ ಬಣ್ಣ ಮಾಡುವ ಜೀವಕೋಶಗಳು ಚರ್ಮದ ಎಲ್ಲ ಕಡೆಗೂ ತಲುಪಬೇಕು. ತಲುಪದ ಕಡೆ ಗರಿ ಬಿಳಿ. ಕಣ್ಣು ಮಾಮೂಲಿ. ಬಿಳಿ ಭಾಗ ಬಹುತೇಕ ಎರಡೂ ಬದಿಯಲ್ಲಿ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಹುಟ್ಟಿದಾಗ ಎಷ್ಟಿತ್ತೋ ಕೊನೆ ತನಕ ಅಷ್ಟೇ. ಅಮೆರಿಕದ ರೆಡ್ ಟೇಲ್ಡ್ ಹಾಕ್‌ನಲ್ಲಿ ಇಂಥ ಹಕ್ಕಿಗಳ ಫೋಟೊಗಳು ಬೇಕಾದಷ್ಟಿವೆ. ಮೈಯೆಲ್ಲ ಬಿಳಿಯಾಗಿದ್ದರೂ ಬಾಲದಲ್ಲಿ ಒಂದೆರಡು ಕೆಂಪು ಗರಿ ಉಳಿದು ಜಾತಿ ಹೇಳಿಬಿಡುತ್ತವೆ.

ಮೂರನೆಯದು, ಪೇಂಟರ್‌ಗಳು ಮೊದಲು ಎಲ್ಲ ಕಡೆ ಕೆಲಸ ಮಾಡಿದರು, ಆಮೇಲೆ ಒಬ್ಬೊಬ್ಬರಾಗಿ ಬಿಟ್ಟು ಹೋದರು. ನಮ್ಮ ತಲೆಕೂದಲು ನೆರೆಯುವ ಹಾಗೆ. ಪ್ರತಿ ಸಲ ಗರಿ ಬದಲಾದಾಗಲೂ ಇನ್ನಷ್ಟು ಗರಿ ಬಿಳಿ. ಮೊದಮೊದಲು ಅಲ್ಲೊಂದು ಇಲ್ಲೊಂದು, ಎಡಕ್ಕೂ ಬಲಕ್ಕೂ ಹೊಂದಿಕೆ ಇಲ್ಲ. ಇಂಗ್ಲಿಷಿನಲ್ಲಿ ಪ್ರೊಗ್ರೆಸಿವ್ ಗ್ರೇಯಿಂಗ್. ನಾವು ನೆರೆ ಎಂದೇ ಕರೆಯೋಣ. ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹಕ್ಕಿ ಸಂಗ್ರಹ ನೋಡಿಕೊಳ್ಳುವ ಹೈನ್ ವ್ಯಾನ್ ಗ್ರೌ ಈ ಗೊಂದಲ ಬಿಡಿಸಲು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬಿಳಿ ಹಕ್ಕಿಯೆಲ್ಲ ಆಲ್ಬಿನೋ ಅಲ್ಲ ಎಂದು 2006ರಲ್ಲೇ ಬರೆದರು. ಕಾಡುಹಕ್ಕಿಗಳಲ್ಲಿ ಕಾಣುವ ಬಿಳಿ ಗರಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಈ ನೆರೆಯೇ ಎನ್ನುತ್ತಾರೆ ಅವರು. ಆದರೆ ಜನ ಅದನ್ನೆಲ್ಲ ಲ್ಯೂಸಿಸಂ ಎಂದೇ ಬರೆಯುತ್ತಾರೆ. ಮೊದಲ ದಿನವೇ ಎರಡನ್ನೂ ಬೇರೆ ಮಾಡುವುದು ಕಷ್ಟ. ಮುಂದಿನ ವರ್ಷ ಅದೇ ಹಕ್ಕಿಯನ್ನು ನೋಡಿದರೆ ಸುಲಭ.

ಬಣ್ಣಕ್ಕೆ ನೀರು ಜಾಸ್ತಿ ಬೆರೆಸಿದ ಮನೆಯೂ ಉಂಟು. ಇಡೀ ಮೈ ಒಂದೇ ಸಮನಾಗಿ ತೆಳುವಾಗುತ್ತದೆ. ಗುರುತುಗಳೆಲ್ಲ ಅಲ್ಲಲ್ಲೇ ಇರುತ್ತವೆ, ತೊಳೆದು ತೊಳೆದು ಮಾಸಿದ ಸೀರೆಯ ಅಂಚಿನ ಹಾಗೆ. ಇದು ಡೈಲ್ಯೂಷನ್.

ಬ್ರೌನ್ ಎಂಬ ಇನ್ನೊಂದು ಬಗೆಯಲ್ಲಿ ಕಪ್ಪು ಮೆಲನಿನ್ ಪೂರ್ತಿ ಪಕ್ವವಾಗುವುದಿಲ್ಲ, ಕಂದಿನಲ್ಲೇ ನಿಲ್ಲುತ್ತದೆ. ಆ ಕಂದು ಬಿಸಿಲಿಗೆ ಬೇಗ ಮಾಸಿ ಬೆಳ್ಳಗಾಗುತ್ತದೆ. ಇದರಲ್ಲಿ ನನಗೆ ತುಂಬ ಹಿಡಿಸುವ ಸಂಗತಿ ಒಂದಿದೆ. ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ಝಡ್ ಕ್ರೋಮೋಸೋಮ್ ಹಕ್ಕಿಗಳಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದೇ. ಬ್ರೌನ್ ದೋಷ ಕೂತಿರುವುದು ಆ ಝಡ್‌ನಲ್ಲಿ. ಗಂಡಿಗೆ ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ. ಹೆಣ್ಣಿಗೆ ಕಾಪಾಡಲು ಇನ್ನೊಂದಿಲ್ಲ. ಹಾಗಾಗಿ ಕಾಡಿನಲ್ಲಿ ಇಂಥ ಹಕ್ಕಿ ಕಂಡರೆ ಅದು ಹೆಚ್ಚಾಗಿ ಹೆಣ್ಣೇ. ಗರಿಯ ಬಣ್ಣ ನೋಡಿ ಗಂಡೋ ಹೆಣ್ಣೋ ಊಹಿಸಬಹುದು, ಅದೂ ಹದ್ದಿನಂಥ ಗಂಡು ಹೆಣ್ಣು ಒಂದೇ ಥರ ಕಾಣುವ ಹಕ್ಕಿಯಲ್ಲಿ!

ಮೆಲನಿನ್ ಅತಿಯಾಗಿ ಹಕ್ಕಿ ಪೂರ್ತಿ ಕಪ್ಪಾಗುವುದು ಮೆಲನಿಸಂ. ನಮ್ಮ ಕಡೆ ಕಪ್ಪು ಗಿಡುಗ ಕಂಡರೆ ಮೊದಲು ಕಡು ಮಾರ್ಫ್ ಇರಬಹುದೇ ನೋಡಿ, ಆಮೇಲೆ ಬೆಳಕಿನ ದಿಕ್ಕು ನೋಡಿ. ಎರಡೂ ಅಲ್ಲ ಎಂದಾದರೆ ಮಾತ್ರ ಮೆಲನಿಸಂ ಎಂಬ ಹೆಸರು ತೆಗೆಯಿರಿ.

ಕಂಡ ಮೇಲೆ ಏನು ಮಾಡಬೇಕು

ಎರಡೂ ರೆಕ್ಕೆ ಬಿಚ್ಚಿದ ಫೋಟೊ ಬೇಕು, ಕೆಳಗಿನಿಂದ ಒಂದು, ಮೇಲಿನಿಂದ ಸಿಕ್ಕರೆ ಇನ್ನೂ ಒಳ್ಳೆಯದು. ಕಣ್ಣು, ಕೊಕ್ಕು, ಉಗುರು ಕಾಣುವ ಒಂದು ಫೋಟೊ. ಯಾವ ಗರಿ ಬಿಳಿ, ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಎಣಿಸಿ ಬರೆದಿಡಿ. ತಾರೀಕು ತಪ್ಪದೆ ಹಾಕಿ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವವರು ಟಿಪ್ಪಣಿಯಲ್ಲಿ ಹೆಸರಿಗಿಂತ ಕಂಡದ್ದನ್ನು ಬರೆಯಿರಿ. "ಲ್ಯೂಸಿಸ್ಟಿಕ್" ಎಂಬ ಒಂದು ಪದಕ್ಕಿಂತ "ಎಡ ರೆಕ್ಕೆಯಲ್ಲಿ ಮೂರು ಗರಿ ಪೂರ್ತಿ ಬಿಳಿ, ಕಣ್ಣು ಕಪ್ಪು" ಎಂಬುದು ಮುಂದೆ ಓದುವವರಿಗೆ ಹತ್ತು ಪಟ್ಟು ಉಪಯೋಗ.

ಗೂಡಿನ ಜಾಗ ಮಾತ್ರ ಎಲ್ಲೂ ಹಾಕಬೇಡಿ. ಬಿಳಿ ಹಕ್ಕಿ ಎಂದರೆ ಜನ ಮುಗಿಬೀಳುತ್ತಾರೆ. ಮರದ ಕೆಳಗೆ ಹತ್ತು ಜನ ನಿಂತರೆ ತಾಯಿ ಗೂಡಿಗೆ ಇಳಿಯುವುದಿಲ್ಲ, ಮೊಟ್ಟೆ ಆರಿಹೋಗುತ್ತದೆ. ಹಕ್ಕಿ ನೆಲಕ್ಕೆ ಬಿದ್ದು ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಿಡುಗ ಹಿಡಿಯುವುದು, ಸಾಕುವುದು ಅಪರಾಧ.

ಬಿಳಿ ಗರಿಗೆ ಇನ್ನೊಂದು ತೊಂದರೆ ಇದೆ. ಮೆಲನಿನ್ ಗರಿಗೆ ಬಣ್ಣದ ಜೊತೆ ಗಟ್ಟಿತನವನ್ನೂ ಕೊಡುತ್ತದೆ. ಗರುಡನ ರೆಕ್ಕೆಯ ತುದಿ ಕಪ್ಪು ಎಂದೆನಲ್ಲ, ಎಷ್ಟೋ ಬಿಳಿ ಕೊಕ್ಕರೆಗಳಿಗೂ ಹಾಗೇ. ಗಾಳಿಯ ಹೊಡೆತ ಜಾಸ್ತಿ ಬೀಳುವುದು ತುದಿಗೇ. ಮೆಲನಿನ್ ಇಲ್ಲದ ಗರಿ ಬೇಗ ಸವೆದು ಹರಿಯುತ್ತದೆ.

ಇದನ್ನು ನಾನು ಒಂದು ಹದ್ದಿನಲ್ಲಿ ಕಣ್ಣಾರೆ ನೋಡುತ್ತಿದ್ದೇನೆ. ಲಿಂಗಾಂಬುಧಿ ಕೆರೆಯ ಹತ್ತಿರ ಸಂಜೆ ಹೊತ್ತು ಬರುವ ಹಕ್ಕಿ. ಮೊದಲ ಸಲ ಕಂಡಾಗ ಎಡ ರೆಕ್ಕೆಯ ತುದಿಯಲ್ಲಿ ಒಂದೇ ಒಂದು ಬಿಳಿ ಗರಿ. ತುದಿ ಆಗಲೇ ಚಿಂದಿಯಾಗಿತ್ತು. ಮಾರನೇ ವರ್ಷ ಅದೇ ಜಾಗದಲ್ಲಿ ಹೊಸ ಬಿಳಿ ಗರಿ ಬಂದಿತ್ತು, ಪಕ್ಕದಲ್ಲಿ ಇನ್ನೊಂದು, ಬಲ ಭುಜದ ಮೇಲೆ ಒಂದು ಸಣ್ಣದು. ಎರಡು ಬದಿಗೂ ಹೊಂದಿಕೆ ಇಲ್ಲ, ಲೆಕ್ಕ ಏರುತ್ತಿದೆ. ನನ್ನ ಪ್ರಕಾರ ಇದು ನೆರೆಯೇ. ನೂರು ಹದ್ದುಗಳ ನಡುವೆ ಈ ಒಂದನ್ನು ಮಾತ್ರ ನಾನು "ಓ, ಇವನೇ" ಎಂದು ಗುರುತು ಹಿಡಿಯಬಲ್ಲೆ. ಅವನೋ ಅವಳೋ ಗೊತ್ತಿಲ್ಲ, ಬಾಯಿಗೆ ಹಾಗೆ ಬರುತ್ತದೆ. ಅದು ಯಾವ ತಿಂಗಳು ಇಲ್ಲಿರುತ್ತದೆ, ಯಾವ ನೀಲಗಿರಿ ಮರದ ಮೇಲೆ ಮಲಗುತ್ತದೆ, ಯಾವ ಕಾಗೆಗಳು ಅಟ್ಟಿಸಿಕೊಂಡು ಬರುತ್ತವೆ, ಎಲ್ಲ ನನ್ನ ಡೈರಿಯಲ್ಲಿದೆ. ಪಾಂಡವಪುರದ ಹುಡುಗನೂ ಕಳೆದ ತಿಂಗಳು ಜೊತೆಗೆ ಬಂದಿದ್ದ. ಹಕ್ಕಿ ತಲೆಯ ಮೇಲೆ ಬಂದಾಗ ಬೈನಾಕ್ಯುಲರ್ ಎತ್ತಿ ಅವನು ಮೊದಲು ಹೇಳಿದ್ದು, "ಬಾಲ ಕವಲೈತೆ ಕಣಣ್ಣ, ಹದ್ದೇ." ಆಮೇಲೆ ಬಿಳಿ ಗರಿ ಎಣಿಸತೊಡಗಿದ. ನಾಲ್ಕು ಅಂದ. ನನಗೆ ಮೂರೇ ಕಂಡಿತ್ತು.